ಗಿಡ ಕೊನೆಗೆ ತನ್ನಿ: ತಾರಸಿಯಲ್ಲಿ ಸಾವಯವ ತರಕಾರಿ ಬೆಳೆಯುವ ಸರಿಯಾದ ಕ್ರಮ

"ಅಕ್ಕಾ, ದಿನಾ ತಪ್ಪದೆ ನೀರು ಹಾಕ್ತೀನಿ. ಆದ್ರೂ ಗಿಡ ಸೊರಗಿ ಹೋಗ್ತಿದೆ." ಪ್ರತಿ ವರ್ಷ ಯಾರಾದರೂ ಒಬ್ಬರು ಇದನ್ನು ಹೇಳುತ್ತಾರೆ. ಅವರ ತಾರಸಿಗೆ ಹೋಗಿ ನೋಡಿದರೆ ಹೆಚ್ಚುಕಡಿಮೆ ಒಂದೇ ಕಥೆ. ಭಾನುವಾರ ನರ್ಸರಿಯಿಂದ ಹತ್ತು ಟೊಮೆಟೊ ಸಸಿ, ನಾಲ್ಕು ಮೆಣಸಿನ ಸಸಿ ತಂದಿರುತ್ತಾರೆ. ಕುಂಡಕ್ಕೆ ಮನೆ ಕಟ್ಟಿದಾಗ ಉಳಿದಿದ್ದ ಕೆಂಪು ಮಣ್ಣು ತುಂಬಿರುತ್ತಾರೆ. ಮೇಲೆ ಒಂದಿಷ್ಟು ಹಸಿ ಸಗಣಿ. ಬೆಳಿಗ್ಗೆ ಒಂದು ಚೊಂಬು ನೀರು, ಸಂಜೆ ಒಂದು ಚೊಂಬು. ಮೂರನೇ ವಾರಕ್ಕೆ ಎಲೆ ಹಳದಿ, ಐದನೇ ವಾರಕ್ಕೆ ಕುಂಡ ಖಾಲಿ.

ಇವರು ಶ್ರಮ ಹಾಕಿಲ್ಲ ಅಂತಲ್ಲ. ಕ್ರಮ ತಲೆಕೆಳಗಾಗಿದೆ. ಗೊಬ್ಬರ ಮೊದಲು, ಜಾಗ ಆಮೇಲೆ, ಮಣ್ಣು ಅದಾದ ಮೇಲೆ, ಗಿಡ ಎಲ್ಲಕ್ಕಿಂತ ಕೊನೆಗೆ. ಈ ಸಾಲು ಹಿಡಿದರೆ ಅರ್ಧ ಕೆಲಸ ಮುಗಿದ ಹಾಗೆ.

ಬೆಂಗಳೂರು, ಮೈಸೂರು, ತುಮಕೂರಿನ ಕಡೆಯ ಹವಾಮಾನ ನೋಡಿಕೊಂಡು ಬರೆದಿದ್ದೇನೆ. ಕರಾವಳಿಗೂ ಉತ್ತರ ಕರ್ನಾಟಕಕ್ಕೂ ಬದಲಾಗುವ ಕಡೆ ಅದನ್ನು ಹೇಳಿದ್ದೇನೆ. ಮೊದಲ ಬಾರಿ ಮಾಡುವವರು ಆಗಸ್ಟ್ ಮೊದಲ ವಾರ ಶುರು ಮಾಡಿ, ಅಕ್ಟೋಬರ್ ಮೂರನೇ ವಾರ ಸಸಿ ನಾಟಿ ಮಾಡುವ ಲೆಕ್ಕ ಇಟ್ಟುಕೊಳ್ಳಿ. ಆಗ ಬಿಸಿಲು ಹದವಾಗಿರುತ್ತದೆ, ಮಳೆ ಕಡಿಮೆಯಾಗುತ್ತಾ ಬರುತ್ತದೆ, ಟೊಮೆಟೊಗೆ ಅದೇ ಒಳ್ಳೆಯ ಕಾಲ.

ಬೇಕಾದ ಸಾಮಾನು

ಮುಚ್ಚಳ ಇರುವ 20 ಲೀಟರಿನ ಎರಡು ಬಕೆಟ್, 12 ಇಂಚು ಅಗಲ 12 ಇಂಚು ಎತ್ತರದ ಆರು ಗ್ರೋ ಬ್ಯಾಗ್, 15 ಇಂಚಿನವು ಎರಡು, ಸೊಪ್ಪಿಗೆ ಅಗಲವಾದ ಎರಡು ತಟ್ಟೆಯಂಥ ಕುಂಡ. ಕೈಸಲಿಕೆ, ಸಸಿ ಬೆಳೆಸುವ ಗುಳಿ ಟ್ರೇ, ಸ್ಪ್ರೇ ಬಾಟಲಿ, ಬಾಯಿಗೆ ಸಣ್ಣ ತೂತುಗಳಿರುವ ನೀರಿನ ಕ್ಯಾನ್, ಬಿದಿರು ಕೋಲು, ಸೆಣಬಿನ ದಾರ, ಹಳೆಯ ಇಟ್ಟಿಗೆಗಳು. ಇಷ್ಟೇ ಸಾಕು. ಮಣ್ಣಿನ ತೇವ ಅಳೆಯುವ ಮೀಟರ್ ಕೊಳ್ಳಬೇಡಿ, ನಿಮ್ಮ ಬೆರಳು ಆ ಕೆಲಸ ಮಾಡುತ್ತದೆ. ಬ್ಯಾಗ್ ಕೊಳ್ಳುವಾಗ ಮಾತ್ರ ದಪ್ಪ ನೋಡಿ. ತೆಳು ಬ್ಯಾಗು ಒಂದು ಬೇಸಿಗೆಯ ಬಿಸಿಲಿಗೇ ಪುಡಿಪುಡಿಯಾಗುತ್ತದೆ.

ಹಂತ 1: ಗೊಬ್ಬರ ಹಾಕಿಡಿ (ನಾಟಿಗೆ ಎರಡೂವರೆ ತಿಂಗಳ ಮೊದಲು)

ಬಕೆಟ್‌ನ ಸುತ್ತಲೂ ತಳದಲ್ಲೂ ಕಾಯಿಸಿದ ಮೊಳೆಯಿಂದ ತೂತು ಮಾಡಿ. ಇಪ್ಪತ್ತು ಮೂವತ್ತು ತೂತು ಇರಲಿ. ತಳಕ್ಕೆ ಎರಡು ಇಂಚು ಒಣ ಎಲೆ ಹಾಸಿ. ಆಮೇಲೆ ದಿನಾ ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ, ಕಾಫಿ ಚರಟ ಹಾಕಿ. ಹಾಕಿದ ಹಸಿ ಕಸದ ಎರಡರಷ್ಟು ಒಣ ಎಲೆಯನ್ನು ಅದರ ಮೇಲೆ ಮುಚ್ಚಬೇಕು. ಇದು ತೂಕದ ಲೆಕ್ಕವಲ್ಲ, ಬಟ್ಟಲಿನ ಲೆಕ್ಕ: ಒಂದು ಬಟ್ಟಲು ಸಿಪ್ಪೆಗೆ ಎರಡು ಬಟ್ಟಲು ಪುಡಿ ಮಾಡಿದ ಎಲೆ. ಬಹುತೇಕ ಎಲ್ಲರೂ ಇಲ್ಲೇ ಜಿಪುಣತನ ಮಾಡುತ್ತಾರೆ, ಆಮೇಲೆ ವಾಸನೆ ಅನ್ನುತ್ತಾರೆ.

ಶುರುವಿನಲ್ಲಿ ಒಂದು ಲೋಟ ಹುಳಿ ಮಜ್ಜಿಗೆ, ಒಂದು ಹಿಡಿ ಹಳೆಯ ಗೊಬ್ಬರ ಅಥವಾ ಮರದ ಬುಡದ ಮಣ್ಣು ಸೇರಿಸಿ. ಎರಡು ಮೂರು ದಿನಕ್ಕೊಮ್ಮೆ ಕೋಲಿನಿಂದ ತಿರುವಿ. ಎಣ್ಣೆ ಪದಾರ್ಥ, ಉಳಿದ ಸಾರು, ಮಾಂಸ, ಮೂಳೆ ಬೇಡ. ಹೊಂಗೆ, ಮಳೆಮರದ ಎಲೆ ಚೆನ್ನಾಗಿ ಕೊಳೆಯುತ್ತವೆ. ನೀಲಗಿರಿ ಎಲೆ ಹಾಕಬೇಡಿ. ಬಕೆಟ್ ತುಂಬಿದ ಮೇಲೆ ಎರಡನೆಯದನ್ನು ಶುರು ಮಾಡಿ, ಮೊದಲನೆಯದನ್ನು ಸುಮ್ನೆ ಮಾಗಲು ಬಿಡಿ. ಆಗಸ್ಟ್ ಮೊದಲ ವಾರ ಹಾಕಲು ತೊಡಗಿದರೆ ಮೊದಲ ಬಕೆಟ್ ಅಕ್ಟೋಬರ್ ಶುರುವಿಗೆ ಸಿದ್ಧವಾಗುತ್ತದೆ.

ಗಮನಿಸಬೇಕಾದ ಲಕ್ಷಣಗಳು: ಹುಳಿ ಅಥವಾ ಕೊಳೆತ ಮೊಟ್ಟೆಯ ವಾಸನೆ ಬಂದರೆ ನೀರಿನಂಶ ಜಾಸ್ತಿ. ಒಣ ಎಲೆ ಸೇರಿಸಿ ತಿರುವಿ, ಎರಡು ದಿನ ಮುಚ್ಚಳ ಸ್ವಲ್ಪ ತೆರೆದಿಡಿ. ಒಂದು ಹಿಡಿ ತೆಗೆದು ಹಿಂಡಿದರೆ ಕೈ ಒದ್ದೆಯಾಗಬೇಕು, ನೀರು ತೊಟ್ಟಿಕ್ಕಬಾರದು. ಬಿಳಿ ಬೂಸ್ಟು ಕಂಡರೆ ಹೆದರಬೇಡಿ. ದಪ್ಪ ಕಂದು ಹುಳುಗಳು ಕಂಡರೂ ಅಷ್ಟೇ, ಅವು ಕಸ ತಿನ್ನುವ ಸೈನಿಕ ನೊಣದ ಮರಿಗಳು, ಗಿಡದ ಬೇರಿನ ತಂಟೆಗೆ ಬರುವುದಿಲ್ಲ.

ಗೊಬ್ಬರ ಮಾಗಿದೆಯೋ ಇಲ್ಲವೋ ತಿಳಿಯಲು ಒಂದು ಸುಲಭ ಪರೀಕ್ಷೆ ಇದೆ. ಒದ್ದೆ ಗೊಬ್ಬರ ಒಂದು ಹಿಡಿ ಪ್ಲಾಸ್ಟಿಕ್ ಕವರಿಗೆ ಹಾಕಿ ಬಿಗಿಯಾಗಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸಿದ್ಧ. ಮೂಗು ಮುಚ್ಚಿಕೊಳ್ಳುವಂತಿದ್ದರೆ ಇನ್ನೂ ಹದಿನೈದು ದಿನ ಬೇಕು.

ಪೂರ್ತಿ ಮಾಗದ ಗೊಬ್ಬರ ಎಷ್ಟು ಹಾಳು ಮಾಡುತ್ತದೆ ಅಂತ ನಾನು ಎರಡನೇ ವರ್ಷ ಕಂಡೆ. ಒಬ್ಬರು ಹಳೇ ಕೊಟ್ಟಿಗೆ ಗೊಬ್ಬರ ಅಂತ ಎರಡು ಮೂಟೆ ಕೊಟ್ಟರು. ಮೇಲೆ ಪುಡಿಯಾಗಿತ್ತು, ಒಳಗೆ ಸಗಣಿ ಉಂಡೆ ಇನ್ನೂ ಹಸಿಯಾಗಿತ್ತು. ನಾನು ಮೇಲಿನದನ್ನೇ ನೋಡಿ ಬ್ಯಾಗಿಗೆ ಹಾಕಿದೆ. ಒಂದೂವರೆ ತಿಂಗಳಿಗೆ ಏಳು ಬದನೆ ಗಿಡ ಒಂದೊಂದಾಗಿ ಬಾಡಿದವು. ಕಿತ್ತರೆ ಬೇರೇ ಇಲ್ಲ. ಮಣ್ಣಿನಲ್ಲಿ ಬೆರಳು ದಪ್ಪದ ಗೊಣ್ಣೆ ಹುಳು. ಅಂದಿನಿಂದ ಹೊರಗಿನ ಗೊಬ್ಬರ ಯಾವುದೇ ಬಂದರೂ ನೆಲದ ಮೇಲೆ ಸುರಿದು, ಉಂಡೆ ಒಡೆದು, ಜರಡಿ ಹಿಡಿದೇ ಬಳಸುತ್ತೇನೆ. ನೀವೂ ಹಾಗೇ ಮಾಡಿ.

ಹಂತ 2: ಜಾಗ ನೋಡಿ

ರಜೆ ಇರುವ ಒಂದು ದಿನ ಬೆಳಿಗ್ಗೆ 8, 10, 12, ಮಧ್ಯಾಹ್ನ 2, 4 ಗಂಟೆಗೆ ತಾರಸಿಗೆ ಹೋಗಿ ಬಿಸಿಲು ಎಲ್ಲಿ ಬೀಳುತ್ತದೆ ಅಂತ ಸುಣ್ಣದ ಕಡ್ಡಿಯಲ್ಲಿ ಗುರುತು ಹಾಕಿ. ಟೊಮೆಟೊ, ಬದನೆ, ಬೆಂಡೆ, ಹೀರೆಗೆ ಆರು ಗಂಟೆ ನೇರ ಬಿಸಿಲು ಬೇಕು. ಸೊಪ್ಪು, ಪುದೀನಕ್ಕೆ ನಾಲ್ಕು ಗಂಟೆ ಸಾಕು. ಅದಕ್ಕಿಂತ ಕಡಿಮೆ ಇದ್ದರೆ ಕಾಯಿ ಗಿಡದ ಆಸೆ ಬಿಡಿ, ಸೊಪ್ಪಿನಲ್ಲೇ ಮುಂದುವರಿಯಿರಿ.

ಒಂದು ಎಚ್ಚರಿಕೆ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲುತ್ತಾನೆ. ನಿಮ್ಮ ಮನೆಯ ದಕ್ಷಿಣಕ್ಕೆ ಎತ್ತರದ ಕಟ್ಟಡ ಇದ್ದರೆ ಆಗಸ್ಟ್‌ನಲ್ಲಿ ಬಿಸಿಲಿದ್ದ ಜಾಗ ಡಿಸೆಂಬರ್ ಹೊತ್ತಿಗೆ ನೆರಳಾಗಬಹುದು. ಅಕ್ಟೋಬರ್ ನಾಟಿಗೆ ಈ ಲೆಕ್ಕ ಬೇಕೇ ಬೇಕು.

ತೂಕದ ಮಾತು: 12 ಇಂಚಿನ ಬ್ಯಾಗಿಗೆ ಸುಮಾರು 22 ಲೀಟರ್ ಮಿಶ್ರಣ ಹಿಡಿಯುತ್ತದೆ, 15 ಇಂಚಿನದಕ್ಕೆ ಸುಮಾರು 43 ಲೀಟರ್. ಹಗುರ ಮಿಶ್ರಣವೇ ಆದರೂ ನೀರು ಕುಡಿದ ಮೇಲೆ ದೊಡ್ಡ ಬ್ಯಾಗು 40 ಕಿಲೋ ಮೀರಬಹುದು. ಬರೀ ಮಣ್ಣು ತುಂಬಿದರೆ ಇನ್ನೂ ಭಾರ. ಹಾಗಾಗಿ ಬ್ಯಾಗುಗಳನ್ನು ಗೋಡೆಯ ಸಾಲಿನ ಮೇಲೆ, ತೊಲೆ ಹಾದುಹೋಗುವ ಕಡೆ ಇಡಿ, ತಾರಸಿಯ ನಡುವೆ ಗುಂಪು ಮಾಡಬೇಡಿ. ಪ್ರತಿ ಬ್ಯಾಗಿನ ಕೆಳಗೆ ಇಟ್ಟಿಗೆ ಇರಲಿ. ಗಾಳಿ ಆಡಬೇಕು, ನೀರು ನಿಲ್ಲಬಾರದು. ಕೆಳಗಿನ ಕೋಣೆಯ ಸೂರು ಈಗಾಗಲೇ ಒದ್ದೆಯಾಗುತ್ತಿದ್ದರೆ ಮೊದಲು ಸೋರಿಕೆ ಸರಿ ಮಾಡಿಸಿ.

ಹಂತ 3: ಮಣ್ಣು ಕಲಸಿ, 15 ದಿನ ಬಿಡಿ

ಒಂದು ಪಾಲು ಕೆಂಪು ಮಣ್ಣು, ಒಂದು ಪಾಲು ಮಾಗಿದ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್. 12 ಇಂಚಿನ ಪ್ರತಿ ಬ್ಯಾಗಿಗೆ ಎರಡು ಹಿಡಿ ಬೇವಿನ ಹಿಂಡಿ. ನಿಮ್ಮ ಬಕೆಟ್ಟಿನ ಗೊಬ್ಬರ ಎಲ್ಲ ಬ್ಯಾಗಿಗೂ ಸಾಲುವುದಿಲ್ಲ, ಮೊದಲ ವರ್ಷ ಉಳಿದದ್ದಕ್ಕೆ ಎರೆಹುಳು ಗೊಬ್ಬರ ಕೊಳ್ಳಿ.

ಕೋಕೋಪೀಟ್ ಇಟ್ಟಿಗೆಯನ್ನು ನೆನೆಸಿ ಹಾಗೇ ಹಾಕಬೇಡಿ. ಅದರಲ್ಲಿ ಉಪ್ಪಿನಂಶ ಇರುತ್ತದೆ. ನೆನೆಸಿ, ಬಟ್ಟೆಯಲ್ಲಿ ಹಿಂಡಿ, ಹೊಸ ನೀರು ಹಾಕಿ ಮತ್ತೆ ಹಿಂಡಿ. ಕನಿಷ್ಠ ಎರಡು ಬಾರಿ. ಎಲೆಯ ಅಂಚು ಸುಟ್ಟ ಹಾಗೆ ಕಂದಾಗುವುದಕ್ಕೆ ಎಷ್ಟೋ ಸಲ ಈ ಉಪ್ಪೇ ಕಾರಣ.

ವಿಜಯಪುರ, ಕಲಬುರಗಿ ಕಡೆಯ ಎರೆ ಮಣ್ಣು ನೀರು ಹಿಡಿದು ಅಂಟಾಗುತ್ತದೆ, ಒಣಗಿದರೆ ಬಿರುಕು ಬಿಡುತ್ತದೆ. ಅಲ್ಲಿಯವರು ಮಣ್ಣಿನ ಪಾಲು ಕಾಲು ಭಾಗಕ್ಕೆ ಇಳಿಸಿ, ಗೊಬ್ಬರವನ್ನೂ ಕೋಕೋಪೀಟನ್ನೂ ಹೆಚ್ಚಿಸಿ. ಕರಾವಳಿಯವರು ಗೊಬ್ಬರ ಒಂದೂವರೆ ಪಾಲು ಮಾಡಿ, ಅಲ್ಲಿನ ಮಳೆ ಸಾರವನ್ನೆಲ್ಲ ತೊಳೆದುಬಿಡುತ್ತದೆ.

ಬ್ಯಾಗಿನ ತಳಕ್ಕೆ ಜಲ್ಲಿ, ಹೆಂಚಿನ ಚೂರು ತುಂಬುವ ಅಭ್ಯಾಸ ಬಿಡಿ. ಬೇರಿಗೆ ಸಿಗುವ ಜಾಗ ಕಡಿಮೆಯಾಗುತ್ತದೆ, ಅಷ್ಟೇ. ತಳದ ತೂತು ಸರಿ ಇದ್ದರೆ ಸಾಕು. ಮೇಲೆ ಎರಡು ಇಂಚು ಖಾಲಿ ಬಿಟ್ಟು ತುಂಬಿ.

ಈಗ ಒಂದು ಲೀಟರ್ ನೀರು ಸುರಿದು ನೋಡಿ. ಮೇಲೆ ಮಡುಗಟ್ಟಿ ನಿಂತರೆ ಮಣ್ಣು ಬಿಗಿಯಾಗಿದೆ, ಹೊರಗೆ ಸುರಿದು ಮತ್ತೆ ಕಲಸಿ. ಒಂದು ಹಿಡಿ ಒತ್ತಿ ಉಂಡೆ ಮಾಡಿ ಬೆರಳಲ್ಲಿ ತಟ್ಟಿದರೆ ಉದುರಬೇಕು.

ಆಮೇಲೆ ಕಾಯಿರಿ. ಬ್ಯಾಗನ್ನು ಹದವಾಗಿ ತೇವ ಮಾಡಿ 15 ದಿನ ಹಾಗೇ ಬಿಡಿ. ಬೇವಿನ ಹಿಂಡಿ ಕರಗುವಾಗ ಬಿಸಿಯಾಗುತ್ತದೆ, ಎಳೆ ಬೇರು ಅದನ್ನು ತಡೆಯುವುದಿಲ್ಲ. ಈ ಹದಿನೈದು ದಿನ ಕಾಯಲು ಎಲ್ಲರಿಗೂ ಕಷ್ಟ ಅಂತ ಗೊತ್ತು, ದಯವಿಟ್ಟು ಕಾಯಿರಿ.

ಹಂತ 4: ಏನು ಬಿತ್ತಬೇಕು

ಮೊದಲ ಬಾರಿಗೆ ಐದೇ ಬೆಳೆ: ಮೆಂತ್ಯ, ಹರಿವೆ, ಬೆಂಡೆ, ಟೊಮೆಟೊ, ಬದನೆ. ಮೆಂತ್ಯ 20–25 ದಿನಕ್ಕೆ ಅಡುಗೆಮನೆಗೆ ಬರುತ್ತದೆ, ಹರಿವೆ 25–30 ದಿನಕ್ಕೆ, ಬೆಂಡೆ 45–50 ದಿನಕ್ಕೆ. ಹೀಗೆ ಒಂದರ ಹಿಂದೆ ಒಂದು ಕೈಗೆ ಸಿಗುತ್ತಿದ್ದರೆ ಹುರುಪು ಉಳಿಯುತ್ತದೆ. ಹೂಕೋಸು, ದಪ್ಪ ಮೆಣಸಿನಕಾಯಿ, ಕ್ಯಾರೆಟ್ ಮುಂದಿನ ವರ್ಷಕ್ಕಿರಲಿ. ಬಳ್ಳಿ ತರಕಾರಿಗೂ 15 ಇಂಚಿಗಿಂತ ಚಿಕ್ಕ ಬ್ಯಾಗು ಬೇಡ.

ಬೀಜಕ್ಕೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳು ನಂಬಿಕಸ್ತ. ಬೆಂಡೆಯಲ್ಲಿ ಅರ್ಕಾ ಅನಾಮಿಕ ಹಳದಿ ನಂಜು ರೋಗವನ್ನು ತಡೆಯಲೆಂದೇ ಬಂದದ್ದು. ಹರಿವೆಯಲ್ಲಿ ಅರ್ಕಾ ಸುಗುಣ ಮತ್ತೆ ಮತ್ತೆ ಕೊಯ್ಯಬಹುದಾದ ತಳಿ. ಟೊಮೆಟೊದಲ್ಲಿ ಅರ್ಕಾ ರಕ್ಷಕ್ ಮೂರು ರೋಗಗಳನ್ನು ತಡೆಯುತ್ತದೆ. ಆದರೆ ಅದು ಹೈಬ್ರಿಡ್, ಅದರ ಹಣ್ಣಿನಿಂದ ಬೀಜ ಎತ್ತಿಟ್ಟರೆ ಮುಂದಿನ ಗಿಡ ತಾಯಿಯ ಹಾಗೆ ಬರುವುದಿಲ್ಲ. ಬೀಜ ಉಳಿಸಿಕೊಳ್ಳುವ ಆಸೆ ಇದ್ದವರು ನಾಟಿ ತಳಿ ಹುಡುಕಿ.

ಹಂತ 5: ಟ್ರೇಯಲ್ಲಿ ಯಾವುದು, ನೇರ ಯಾವುದು

ಟೊಮೆಟೊ, ಬದನೆ, ಮೆಣಸಿನಕಾಯಿ ಟ್ರೇಯಲ್ಲಿ ಬೆಳೆಸಿ ನಾಟಿ ಮಾಡುವಂಥವು. ಬೆಂಡೆ, ಹುರುಳಿಕಾಯಿ, ಮೂಲಂಗಿ, ಎಲ್ಲ ಸೊಪ್ಪು ನೇರ ಬ್ಯಾಗಿಗೆ. ಮೂಲಂಗಿಯನ್ನು ಕಿತ್ತು ನೆಟ್ಟರೆ ಗಡ್ಡೆ ಸೊಟ್ಟಗಾಗುತ್ತದೆ. ಕೊತ್ತಂಬರಿ ಬೀಜವನ್ನು ಅಂಗೈಯಲ್ಲಿ ಉಜ್ಜಿ ಎರಡು ಹೋಳು ಮಾಡಿಯೇ ಹಾಕಿ.

ಟ್ರೇಯ ಬೀಜಗಳನ್ನು ಸೆಪ್ಟೆಂಬರ್ 20ರ ಸುಮಾರಿಗೆ ಹಾಕಿದರೆ ಮಣ್ಣು ಮಾಗುವ ಹೊತ್ತಿಗೆ ಸಸಿಯೂ ತಯಾರಾಗುತ್ತದೆ. ಬೀಜದ ದಪ್ಪದ ಎರಡು ಮೂರರಷ್ಟು ಆಳ ಸಾಕು. ಮೊಳಕೆ ಕಂಡ ದಿನವೇ ಟ್ರೇಯನ್ನು ಬೆಳಕಿಗೆ ತನ್ನಿ. ಒಂದೆರಡು ದಿನ ತಡವಾದರೂ ಸಸಿ ದಾರದ ಹಾಗೆ ಉದ್ದವಾಗಿ ಬಾಗುತ್ತದೆ. ಸಸಿಯ ಬುಡ ಕರಗಿದಂತಾಗಿ ಮಲಗಿಬಿಟ್ಟರೆ ಅದು ಬುಡ ಕೊಳೆ, ನೀರು ಜಾಸ್ತಿ ಗಾಳಿ ಕಡಿಮೆ ಅಂತ ಅರ್ಥ.

25–30 ದಿನಕ್ಕೆ, ನಾಲ್ಕೈದು ನಿಜ ಎಲೆ (ಮೊಳಕೆಯ ಮೊದಲ ಜೋಡಿ ಎಲೆ ಬಿಟ್ಟು ಆಮೇಲೆ ಬರುವವು) ಬಂದಾಗ ನಾಟಿ ಮಾಡಿ. ಸಂಜೆ ಮಾಡಿ. ಅದಕ್ಕೆ ಒಂದು ವಾರ ಮೊದಲಿನಿಂದ ಸಸಿಗೆ ದಿನಾ ಸ್ವಲ್ಪ ಸ್ವಲ್ಪ ಹೆಚ್ಚು ಬಿಸಿಲು ತೋರಿಸಿ. ಒಂದು ಬ್ಯಾಗಿಗೆ ಒಂದೇ ಟೊಮೆಟೊ. ಟೊಮೆಟೊ ಕಾಂಡವನ್ನು ಕೆಳಗಿನ ಎಲೆಯವರೆಗೆ ಮಣ್ಣಿನಲ್ಲಿ ಹೂತರೆ ಅಲ್ಲಿಂದಲೂ ಬೇರು ಬರುತ್ತದೆ. ಆಸರೆಯ ಕೋಲನ್ನು ಅಂದೇ ಚುಚ್ಚಿಬಿಡಿ, ಆಮೇಲೆ ಚುಚ್ಚಿದರೆ ಬೇರು ಹರಿಯುತ್ತದೆ. ಮೂರು ದಿನ ನೆರಳು ಮಾಡಿ. ಕೊನೆಗೆ ಮಣ್ಣಿನ ಮೇಲೆ ಎರಡು ಇಂಚು ಒಣ ಎಲೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗದಂತೆ.

ಹಂತ 6: ನೀರು

ನಾನು ನೋಡಿದ ತಾರಸಿಗಳಲ್ಲಿ ನೀರು ಕಡಿಮೆಯಾಗಿ ಸತ್ತ ಗಿಡಗಳಿಗಿಂತ ಜಾಸ್ತಿಯಾಗಿ ಸತ್ತ ಗಿಡಗಳೇ ಹೆಚ್ಚು. ಬೇರಿಗೆ ಗಾಳಿಯೂ ಬೇಕು. ಮಣ್ಣಿನ ಸಂದುಗಳೆಲ್ಲ ನೀರಿನಿಂದ ತುಂಬಿದ್ದರೆ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಕೊಳೆತ ಬೇರು ನೀರು ಎಳೆಯುವುದಿಲ್ಲ, ಎಲೆ ಬಾಡುತ್ತದೆ. ಬಾಡಿದೆ ಅಂತ ನಾವು ಇನ್ನೊಂದು ಚೊಂಬು ಹಾಕುತ್ತೇವೆ. ಗಿಡ ಅಲ್ಲಿಗೆ ಮುಗಿಯಿತು.

ನಿಯಮ ಒಂದೇ: ಗಡಿಯಾರ ನೋಡಿ ನೀರು ಹಾಕಬೇಡಿ, ಬೆರಳು ನೋಡಿ ಹಾಕಿ. ಎರಡು ಗೆಣ್ಣಿನವರೆಗೆ ಬೆರಳನ್ನು ಮಣ್ಣಿಗೆ ಇಳಿಸಿ. ತುದಿಗೆ ತೇವ ತಾಗಿದರೆ ಇವತ್ತು ಬೇಡ. ಒಣಗಿದ್ದರೆ ತಳದ ತೂತಿನಿಂದ ಸ್ವಲ್ಪ ನೀರು ಹೊರಬರುವವರೆಗೆ ಪೂರ್ತಿ ಹಾಕಿ. ದಿನಾ ಮೇಲೆ ಮೇಲೆ ಚಿಮುಕಿಸಿದರೆ ಬೇರು ಕೆಳಗೆ ಇಳಿಯುವುದೇ ಇಲ್ಲ. ಬೆಳಿಗ್ಗೆ ಹಾಕಿ, ಬುಡಕ್ಕೆ ಹಾಕಿ, ಎಲೆಯ ಮೇಲೆ ಬೇಡ. ಏಪ್ರಿಲ್ ಮೇ ತಿಂಗಳಲ್ಲಿ ದಿನಾ ಬೇಕಾಗಬಹುದು, ಉತ್ತರ ಕರ್ನಾಟಕದಲ್ಲಿ ಎರಡು ಹೊತ್ತು ಮತ್ತು ಮೇಲೆ 50 ಶೇಕಡಾ ನೆರಳು ಪರದೆ. ಜಡಿಮಳೆಯಲ್ಲಿ ವಾರವಿಡೀ ಕ್ಯಾನ್ ಮುಟ್ಟುವುದೇ ಬೇಡ.

ಮಧ್ಯಾಹ್ನ ಎಲೆ ಜೋತುಬಿದ್ದು ಸಂಜೆ ತಾನೇ ಎದ್ದು ನಿಂತರೆ ಅದು ಬಿಸಿಲಿಗೆ ಆದದ್ದು, ಚಿಂತೆ ಬೇಡ. ಬೆಳಿಗ್ಗೆ ಆರಕ್ಕೇ ಜೋತುಬಿದ್ದಿದ್ದರೆ ಬೆರಳು ಇಳಿಸಿ ನೋಡಿ. ಮಣ್ಣು ಒಣಗಿದ್ದರೆ ನೀರು, ಒದ್ದೆ ಇದ್ದರೆ ಬೇರಿನ ತೊಂದರೆ.

ಕುಡಿಯುವ ನೀರಿನ ಶುದ್ಧೀಕರಣ ಯಂತ್ರ (ಆರ್‌ಒ) ಹೊರಬಿಡುವ ನೀರನ್ನು ಗಿಡಕ್ಕೆ ಹಾಕುವವರು ಬಹಳ. ನೀರು ಉಳಿಸುವ ಮನಸ್ಸು ಒಳ್ಳೆಯದು, ಆದರೆ ಆ ನೀರಿನಲ್ಲಿ ಲವಣ ಸೇರಿಕೊಂಡಿರುತ್ತದೆ. ಅದು ನೆಲ ಒರೆಸಲಿ. ಗಡಸು ಬೋರ್ ನೀರೇ ಗತಿಯಾದರೆ ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟುವುದನ್ನು ಗಮನಿಸಿ. ಕಂಡಾಗ ಮಳೆ ನೀರಿನಿಂದ ಚೆನ್ನಾಗಿ ತೊಳೆದುಹೋಗುವಷ್ಟು ಸುರಿಯಿರಿ.

ಹಂತ 7: ಊಟ

ಮಣ್ಣು ಸರಿಯಾಗಿದ್ದರೆ ಮೊದಲ ಮೂರು ವಾರ ಏನೂ ಬೇಡ. ಆಮೇಲೆ 15 ದಿನಕ್ಕೊಮ್ಮೆ ಬ್ಯಾಗಿಗೆ ಎರಡು ಹಿಡಿ ಗೊಬ್ಬರ. ಕಾಯಿ ಗಿಡಕ್ಕೆ ಮಧ್ಯೆ ಮಧ್ಯೆ ಕಡಲೆಕಾಯಿ ಹಿಂಡಿ ನೀರು: 100 ಗ್ರಾಂ ಹಿಂಡಿ ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ, ಒದ್ದೆ ಮಣ್ಣಿಗೆ ಹಾಕಿ.

ಸಗಣಿ, ಗಂಜಲ ಸಿಗುವವರು ಜೀವಾಮೃತ ಮಾಡಿಕೊಳ್ಳಿ. 10 ಲೀಟರ್ ನೀರಿಗೆ ಅರ್ಧ ಕಿಲೋ ಸಗಣಿ, ಅರ್ಧ ಲೀಟರ್ ಗಂಜಲ, 100 ಗ್ರಾಂ ಬೆಲ್ಲ, 100 ಗ್ರಾಂ ಕಡಲೆ ಹಿಟ್ಟು, ಒಂದು ಹಿಡಿ ಒಳ್ಳೆ ಮಣ್ಣು. ನೆರಳಿನಲ್ಲಿಟ್ಟು ದಿನಕ್ಕೆ ಎರಡು ಸಲ ಕೋಲಿನಿಂದ ತಿರುಗಿಸಿ. ಎರಡು ಮೂರು ದಿನಕ್ಕೆ ಸಿದ್ಧ, ವಾರದೊಳಗೆ ಹತ್ತು ಪಟ್ಟು ನೀರು ಬೆರೆಸಿ ಮುಗಿಸಿ.

ಕೆಳಗಿನ ಹಳೆ ಎಲೆಗಳು ಹಳದಿಯಾದರೆ ಸಾರಜನಕ ಕಡಿಮೆ, ಗೊಬ್ಬರ ಹಾಕಿ. ಗಿಡ ಕಡು ಹಸಿರಾಗಿ ಸೊಕ್ಕಿ ಬೆಳೆದು ಹೂವೇ ಬಿಡದಿದ್ದರೆ ಸಾರಜನಕ ಜಾಸ್ತಿ, ಒಂದು ತಿಂಗಳು ನಿಲ್ಲಿಸಿ. ಟೊಮೆಟೊ ಕಾಯಿಯ ತುದಿ ಕಪ್ಪಾಗಿ ಕುಸಿದರೆ ಮೊಟ್ಟೆ ಚಿಪ್ಪು ಹುಡುಕಲು ಓಡಬೇಡಿ. ಅದು ಸುಣ್ಣದಂಶ ಕಾಯಿಗೆ ತಲುಪದೆ ಆಗುವುದು, ನೀರು ಒಂದು ದಿನ ಜಾಸ್ತಿ ಮೂರು ದಿನ ಇಲ್ಲ ಅಂತಾದಾಗ ಹಾಗಾಗುತ್ತದೆ. ನೀರು ಸಮ ಮಾಡಿ.

ಹಂತ 8: ಹುಳು ಮತ್ತು ರೋಗ

ದಿನಕ್ಕೆ ಐದು ನಿಮಿಷ ಎಲೆಯ ಅಡಿಭಾಗ ತಿರುಗಿಸಿ ನೋಡುವುದು ಯಾವ ಔಷಧಿಗಿಂತಲೂ ದೊಡ್ಡದು. ಹತ್ತು ಹುಳು ಇದ್ದಾಗ ಕೈಯಲ್ಲಿ ಒರೆಸಿದರೆ ಮುಗಿಯಿತು, ಹತ್ತು ಸಾವಿರ ಆದ ಮೇಲೆ ಬೇವಿನ ಎಣ್ಣೆಯೂ ಸೋಲುತ್ತದೆ.

ಇರುವೆ ಸಾಲುಗಟ್ಟಿ ಗಿಡ ಹತ್ತುತ್ತಿದ್ದರೆ ಮೇಲೆ ಗಿಡಹೇನು ಅಥವಾ ಹಿಟ್ಟು ತಿಗಣೆ ಇದೆ ಅಂತಲೇ ತಿಳಿಯಿರಿ. ಅವು ಬಿಡುವ ಸಿಹಿ ಅಂಟಿಗೆ ಇರುವೆ ಬರುವುದು. ಹೇನಿಗೆ ಬಲವಾದ ನೀರಿನ ಧಾರೆ ಸಾಕು. ಹಿಟ್ಟು ತಿಗಣೆ ಹಿಡಿದ ಕುಡಿಯನ್ನು ಕತ್ತರಿಸಿ ಕವರಿಗೆ ಹಾಕಿ ಕಟ್ಟಿ ಎಸೆಯಿರಿ, ಗೊಬ್ಬರದ ಬಕೆಟ್ಟಿಗೆ ಬೇಡ.

ಬೇವಿನ ಎಣ್ಣೆ ಕಲಸುವ ವಿಧಾನದಲ್ಲೇ ತಪ್ಪಾಗುತ್ತದೆ. 5 ಮಿಲಿ ಎಣ್ಣೆಗೆ ಮೊದಲು ಒಂದೆರಡು ಮಿಲಿ ದ್ರವ ಸೋಪು ಸೇರಿಸಿ ಚೆನ್ನಾಗಿ ಕದಡಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಒಂದು ಲೀಟರ್ ನೀರು ಸೇರಿಸಿ ಹಾಲಿನಂತೆ ಮಾಡಿ. ಎಣ್ಣೆ ಮೇಲೆ ತೇಲುತ್ತಿದ್ದರೆ ಎಲೆ ಸುಡುತ್ತದೆ. ಮೊದಲು ಒಂದು ಎಲೆಗೆ ಹೊಡೆದು ಮರುದಿನ ನೋಡಿ. ಸಂಜೆ ಮಾತ್ರ, ಎಲೆಯ ಅಡಿಗೆ, ವಾರಕ್ಕೊಮ್ಮೆಯಂತೆ ಮೂರು ವಾರ. ಅರಳಿದ ಹೂವಿಗೆ ಹೊಡೆಯಬೇಡಿ, ಜೇನುಹುಳು ಬರುವುದು ಅಲ್ಲಿಗೇ. ಉಳಿದ ಮಿಶ್ರಣ ಇಟ್ಟುಕೊಂಡು ಮರುವಾರ ಬಳಸಬೇಡಿ.

ಮೆಣಸಿನ ಗಿಡದ ಮುಟುರು ರೋಗ: ಎಲೆ ದೋಣಿಯಂತೆ ಮೇಲಕ್ಕೆ ಮಡಚಿದರೆ ಥ್ರಿಪ್ಸ್ ನುಸಿ, ಕೆಳಕ್ಕೆ ಮಡಚಿದರೆ ಮೈಟ್ ನುಸಿ. ಎರಡಕ್ಕೂ ಕುಡಿ ಚಿವುಟಿ ಬೇವಿನ ಎಣ್ಣೆ ಹೊಡೆಯಿರಿ. ಬೆಂಡೆ ಎಲೆಯ ನರಗಳೆಲ್ಲ ಹಳದಿಯಾಗಿ ಬಲೆಯಂತೆ ಕಂಡರೆ ಅದು ನಂಜು ರೋಗ, ಬಿಳಿ ನೊಣ ಹರಡುವುದು. ಆ ಗಿಡ ಗುಣವಾಗುವುದಿಲ್ಲ. ಎಷ್ಟೇ ಬೇಜಾರಾದರೂ ಅಂದೇ ಕಿತ್ತುಬಿಡಿ, ಪಕ್ಕದ ಐದು ಗಿಡ ಉಳಿಯುತ್ತವೆ.

ಚೆನ್ನಾಗಿದ್ದ ಟೊಮೆಟೊ ಗಿಡ ಹಸಿರಾಗಿರುವಾಗಲೇ ಇದ್ದಕ್ಕಿದ್ದಂತೆ ಬಾಡಿದರೆ ಬುಡದ ಕಾಂಡದ ತುಂಡೊಂದನ್ನು ಗಾಜಿನ ಲೋಟದ ನೀರಿನಲ್ಲಿ ಇಳಿಬಿಡಿ. ಕತ್ತರಿಸಿದ ಕಡೆಯಿಂದ ಹಾಲಿನ ಎಳೆಯಂಥದ್ದು ಇಳಿದರೆ ಬ್ಯಾಕ್ಟೀರಿಯಾದ ಸೊರಗು ರೋಗ. ಗಿಡವನ್ನು ಎಸೆಯಿರಿ, ಆ ಬ್ಯಾಗಿನ ಮಣ್ಣಿಗೆ ಟೊಮೆಟೊ, ಬದನೆ, ಮೆಣಸು ಮತ್ತೆ ಹಾಕಬೇಡಿ.

ಕೆಂಪು ಮೈಯ, ಕಪ್ಪು ಚುಕ್ಕಿಯ ಗುಲಗಂಜಿ ಹುಳು ಕಂಡರೆ ಬಿಟ್ಟುಬಿಡಿ. ಅದೂ ಅದರ ಮೊಸಳೆಯಂತೆ ಕಾಣುವ ಮರಿಯೂ ಹೇನು ತಿನ್ನುತ್ತವೆ. ಆ ಮರಿಯನ್ನು ಕೆಟ್ಟ ಹುಳು ಅಂತ ಹೊಸಕುವವರನ್ನು ನೋಡಿ ಬಹಳ ನೋವಾಗುತ್ತದೆ.

ಹಂತ 9: ಹೂವು, ಕಾಯಿ, ಕೊಯ್ಲು

ಟೊಮೆಟೊ ಹೂ ಉದುರುತ್ತಿದ್ದರೆ ಬೆಳಿಗ್ಗೆ ಹೂಗೊಂಚಲನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ. ಬಳ್ಳಿಗಳಲ್ಲಿ ಹೆಣ್ಣು ಹೂವಿನ ಹಿಂದೆ ಪುಟ್ಟ ಕಾಯಿ ಇರುತ್ತದೆ. ಆ ಕಾಯಿ ಹಳದಿಯಾಗಿ ಉದುರಿದರೆ ಪರಾಗ ಸಿಕ್ಕಿಲ್ಲ. ಗಂಡು ಹೂ ಕಿತ್ತು, ಪಕಳೆ ತೆಗೆದು, ಹೆಣ್ಣು ಹೂವಿಗೆ ಮುಟ್ಟಿಸಿ. ಸೌತೆ, ಹಾಗಲ, ಕುಂಬಳಕ್ಕೆ ಬೆಳಿಗ್ಗೆ ಮಾಡಬೇಕು. ಹೀರೆ, ಸೋರೆ ಹೂ ಅರಳುವುದು ಸಂಜೆ, ಅವಕ್ಕೆ ಸಂಜೆಯೇ. ಹಾಗಲ ಹೀರೆಯ ಎಳೆ ಕಾಯಿಗೆ ಕಾಗದದ ಚೀಲ ಕಟ್ಟಿದರೆ ಹಣ್ಣು ನೊಣ ಮೊಟ್ಟೆ ಇಡಲಾಗದು.

ಬೆಂಡೆಯನ್ನು ಎರಡು ದಿನಕ್ಕೊಮ್ಮೆ ಕೊಯ್ಯಲೇಬೇಕು. ತುದಿ ಬಗ್ಗಿಸಿದರೆ ಚಟ್ಟನೆ ಮುರಿಯುವಷ್ಟು ಎಳೆಯದಾಗಿರುವಾಗ ಕೊಯ್ಯಿರಿ. ಒಂದು ಕಾಯಿ ಬಲಿತರೂ ಗಿಡ ಹೊಸ ಹೂ ಬಿಡುವುದನ್ನು ಕಡಿಮೆ ಮಾಡುತ್ತದೆ. ಹರಿವೆಯನ್ನು ಕೀಳಬೇಡಿ, ಎರಡು ಮೂರು ಇಂಚು ಬಿಟ್ಟು ಕತ್ತರಿಸಿ.

ಹಂತ 10: ಬೆಳೆ ಮುಗಿದ ಮೇಲೆ

ಗಿಡ ಮುಗಿಯಿತು ಅಂತ ಮಣ್ಣು ಎಸೆಯಬೇಡಿ. ರೋಗ ಇಲ್ಲದ ಗಿಡವನ್ನು ಬುಡಕ್ಕೆ ಕತ್ತರಿಸಿ, ಚೂರು ಮಾಡಿ ಗೊಬ್ಬರದ ಬಕೆಟ್ಟಿಗೆ ಹಾಕಿ. ಬ್ಯಾಗನ್ನು ಹಾಳೆಯ ಮೇಲೆ ಸುರಿದು ದಪ್ಪ ಬೇರು ತೆಗೆಯಿರಿ, ಗೊಣ್ಣೆ ಹುಳು ಹುಡುಕಿ. ಬೇಸಿಗೆಯಾಗಿದ್ದರೆ ಮಣ್ಣನ್ನು ಸ್ವಲ್ಪ ಒದ್ದೆ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಕಲ್ಲಿಟ್ಟು ಮೂರು ನಾಲ್ಕು ವಾರ ಬಿಸಿಲಿಗೆ ಬಿಡಿ. ಆಮೇಲೆ ಮೂರನೇ ಒಂದು ಪಾಲು ಹೊಸ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ ಮತ್ತೆ 15 ದಿನ ಬಿಡಿ.

ಟೊಮೆಟೊ ಇದ್ದ ಬ್ಯಾಗಿಗೆ ಹುರುಳಿಕಾಯಿ ಅಥವಾ ಅಲಸಂದೆ, ಅದರ ಹಿಂದೆ ಸೊಪ್ಪು, ಆಮೇಲೆ ಬೇಕಾದರೆ ಬದನೆ. ಬ್ಯಾಗಿನ ಮೇಲೆ ಬಣ್ಣದಲ್ಲಿ ಒಂದು ನಂಬರ್ ಬರೆದು, ಯಾವುದರಲ್ಲಿ ಏನಿತ್ತು ಅಂತ ಕ್ಯಾಲೆಂಡರಿನ ಹಿಂಬದಿಯಲ್ಲಿ ಗುರುತು ಹಾಕಿಕೊಳ್ಳಿ.